ತೆರೆಯ ಹಿಂದಿನ ರಾಕ್ಷಸ

"ಈಗಿನ ಪ್ರೇಕ್ಷಕರಿಗೆ ಸೂಚನೆ ಸಾಲದು, ಎಲ್ಲ ಬಿಡಿಸಿ ತೋರಿಸಬೇಕು" ಎಂದು ರಂಗಕಲೆಯ ಬಗ್ಗೆ ನಾನು ಓದಿದ ಒಂದು ಲೇಖನದಲ್ಲಿ ಅದರ ಲೇಖಕರು ಬರೆದಿದ್ದಾರೆ. ನಾನಂತೂ ಒಪ್ಪಲ್ಲ. ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ, ಯಕ್ಷಗಾನವನ್ನೇ ನೋಡಿ. ಬಣ್ಣದ ವೇಷ, ಅಂದರೆ ರಾಕ್ಷಸನ ಪಾತ್ರ, ರಂಗಕ್ಕೆ ಬಂದ ಕೂಡಲೇ ಮುಖ ತೋರಿಸುವುದಿಲ್ಲ. ಅಡ್ಡ ಹಿಡಿದ ತೆರೆಯ ಮೇಲಿಂದ ಕಿರೀಟದ ತುದಿ ಕಾಣುತ್ತದೆ, ಕೆಳಗಿಂದ ಗೆಜ್ಜೆಕಾಲು. ಮಧ್ಯೆ ಒಂದು ಆರ್ಭಟ. ಚೆಂಡೆ ಏರುತ್ತಲೇ ಇರುತ್ತದೆ. ವೇಷ ಕಟ್ಟುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು, ಚಿಟ್ಟಿ ಎಂಬ ಬಿಳಿ ಚುಕ್ಕೆ ಒಂದೊಂದೇ ಇಟ್ಟು ಬರೆದ ಮುಖವನ್ನು ಹೀಗೆ ಮುಚ್ಚಿಡುತ್ತಾರಲ್ಲ, ಸುಮ್ನೆ ಅಲ್ಲ! ತೆರೆ ಸರಿಯುವ ಹೊತ್ತಿಗೆ ಅರ್ಧ ರಾಕ್ಷಸನನ್ನು ನಾವೇ ಮಾಡಿಕೊಂಡಿರುತ್ತೇವೆ. ಮುಂದೆ ಕೂತ ಮಕ್ಕಳಿಗೂ ಯಾರೂ ವಿವರಿಸಬೇಕಿಲ್ಲ, ಆಗಲೇ ಅಮ್ಮನ ಸೆರಗು ಹಿಡಿದಿರುತ್ತಾರೆ. ರಂಗದ ಮೇಲೆ ಇರುವುದಾದರೂ ಏನು? ಒಂದು ಮರದ ಪೀಠ. ಅದೇ ಸಿಂಹಾಸನ, ಅದೇ ರಥ. ಇದನ್ನು ನೋಡಿಕೊಂಡು ಬೆಳೆದ ಜನಕ್ಕೆ ಸೂಚನೆ ಅರ್ಥವಾಗಲ್ಲ ಅನ್ನೋದು ಜಾಸ್ತಿ ಆಯ್ತು, ಅಲ್ವಾ?

ಈಚೆಗೆ ಕೆಲವು ಕಡೆ ಹೊಗೆ, ಬಣ್ಣಬಣ್ಣದ ಲೈಟು ತುಂಬಿಸುತ್ತಾರೆ. ಚೆಂದವೇ. ಆದರೆ ಹೊಗೆಯಲ್ಲಿ ಆ ಗೆಜ್ಜೆಕಾಲೇ ಕಾಣಲ್ಲ.

ಒಂದು ಮಾತು ಮಾತ್ರ ಲೇಖಕರದ್ದು ಸರಿ. ಕಥೆಯ ಎಳೆಯೇ ಗೊತ್ತಿಲ್ಲದವರಿಗೆ ಕಿರೀಟದ ತುದಿ ಏನೂ ಹೇಳಲ್ಲ. ಆದರೆ ಆ ಎಳೆಯನ್ನು ಭಾಗವತರು ತಾವು ಹಾಡುವ ಪದದಲ್ಲೇ ಕೊಟ್ಟಿರುತ್ತಾರೆ, ಕಿವಿ ಕೊಟ್ಟರೆ ಸಾಕು.