ಸೋದರಮಾವನ ಮಗಳ ವಿಷಯ ಬಿಟ್ಟುಹೋಗಿದೆ

ಜೀವವಿಕಾಸವಾದದ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ 1876ರಲ್ಲಿ, ಅಂದರೆ 67ನೇ ವಯಸ್ಸಿನಲ್ಲಿ, ಮನೆಯವರಿಗೆಂದು ಬರೆದ ಜೀವನಕಥೆಯ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಅಪ್ಪ, ತಾತ ಇಬ್ಬರೂ ಡಾಕ್ಟರು, ಇವರು ಮಾತ್ರ ಡಾಕ್ಟರಿಕೆ ಓದಲು ಹೋಗಿದ್ದ ಎಡಿನ್‌ಬರೋದಲ್ಲಿ ಮಗುವೊಂದರ ಆಪರೇಷನ್ ನೋಡಲಾಗದೆ ಎದ್ದು ಹೋದರು ಅನ್ನೋದು ಓದಿ ಮನಸ್ಸು ಕರಗಿತು. ಆಗ ಪ್ರಜ್ಞೆ ತಪ್ಪಿಸೋ ಕ್ಲೋರೋಫಾರ್ಮ್ ಇನ್ನೂ ಇರಲಿಲ್ಲ ಅಲ್ವಾ.

ಆದರೆ ಒಂದು ಮುಖ್ಯ ಮಾತು ಬಿಟ್ಟಿದ್ದೀರಿ. ಡಾರ್ವಿನ್ ಹೆಂಡತಿ ಎಮ್ಮಾ, ಡಾರ್ವಿನ್ನರದೇ ಸೋದರಮಾವನ ಮಗಳು. ನಮ್ಮ ಕಡೆ ಇದು ಎಷ್ಟು ಸಾಮಾನ್ಯ! ನಮ್ಮ ಅಜ್ಜ ಅಜ್ಜಿಯದೂ ಇದೇ ಸಂಬಂಧ. ಡಾರ್ವಿನ್‌ಗೆ ಹತ್ತು ಮಕ್ಕಳು, ಮೂರು ಚಿಕ್ಕಂದಿನಲ್ಲೇ ತೀರಿಕೊಂಡವು. ಹತ್ತು ವರ್ಷದ ಆ್ಯನಿ 1851ರಲ್ಲಿ ಹೋದಳು, ಅದೂ ಇವರೇ ಎರಡು ವರ್ಷ ಮೊದಲು ನೀರಿನ ಚಿಕಿತ್ಸೆಗೆ ಹೋಗಿ ಬಂದಿದ್ದ ಮಾಲ್ವರ್ನ್ ಊರಿನಲ್ಲೇ. ವರ್ಷಗಟ್ಟಲೆ ವಾಂತಿ, ಎದೆಬಡಿತ, ಸುಸ್ತು ಅನುಭವಿಸಿದ ಮನುಷ್ಯ, ಸೋದರ ಸಂಬಂಧದಲ್ಲಿ ಮದುವೆಯಾಗಿದ್ದಕ್ಕೆ ತನ್ನ ನಿಶ್ಶಕ್ತಿಯೇ ಮಕ್ಕಳಿಗೂ ಬಂತೇನೋ ಅಂತ ಕೊರಗಿದ್ದರು.

ಸುಮ್ನೆ ಕೊರಗಿ ಕೂರಲಿಲ್ಲ ಅನ್ನೋದೇ ನನಗೆ ಜಾಸ್ತಿ ಇಷ್ಟ. 1871ರ ಜನಗಣತಿಯಲ್ಲಿ ಸೋದರ ಸಂಬಂಧದ ಮದುವೆ ಬಗ್ಗೆ ಒಂದು ಪ್ರಶ್ನೆ ಸೇರಿಸಿ ಅಂತ ಪಾರ್ಲಿಮೆಂಟ್ ಸದಸ್ಯರಾಗಿದ್ದ ಗೆಳೆಯ ಜಾನ್ ಲಬಕ್ ಮೂಲಕ ಕೇಳಿಸಿದರು, ಪಾರ್ಲಿಮೆಂಟ್ ಒಪ್ಪಲಿಲ್ಲ. ಆಮೇಲೆ ಮಗ ಜಾರ್ಜ್ ಅದೇ ವಿಷಯ ಹಿಡಿದು ಲೆಕ್ಕ ಹಾಕಿ 1875ರಲ್ಲಿ ಪ್ರಕಟಿಸಿದರು. ಅಪ್ಪನ ಆತಂಕವನ್ನು ಮಗ ಅಂಕಿಅಂಶದಲ್ಲಿ ಹುಡುಕಿದ್ದು! ಇದರ ಬಗ್ಗೆ ಇನ್ನೊಂದು ಲೇಖನ ಬರೆಯಿರಿ, ನಮ್ಮ ಮನೆಯವರಿಗೆಲ್ಲ ಓದಿಸುತ್ತೇನೆ.