ಆಯಾಗಳನ್ನಷ್ಟೇ ದೂರಿದರೆ ಹೇಗೆ?

ವೃದ್ಧಾಶ್ರಮದ ಆಯಾಗಳಿಗೆ ಕರುಣೆಯೇ ಇಲ್ಲ ಎಂದು ಲೇಖನದಲ್ಲಿ ಬರೆದಿದ್ದೀರಿ. ನಮ್ಮಜ್ಜಿ ಬೆಂಗಳೂರಿನ ಒಂದು ಆಶ್ರಮದಲ್ಲಿದ್ದರು. ರಾತ್ರಿ ಪಾಳಿಯಲ್ಲಿ 22 ಹಾಸಿಗೆಗೆ ಒಬ್ಬರೇ ಆಯಾ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಸೊಂಟದಲ್ಲೆಲ್ಲ ಹುಣ್ಣಾಗುತ್ತದೆ. ಒಬ್ಬರ ಕೈಲಿ ಆಗುವ ಕೆಲಸವೇ ಅದು? ಎತ್ತಿ ಎತ್ತಿ ಆಕೆಯ ಸೊಂಟವೇ ಹೋಗಿತ್ತು. ಬೆಲ್ಟ್ ಬಿಗಿದುಕೊಂಡೇ ಅಜ್ಜಿಗೆ ಚಮಚ ಚಮಚವಾಗಿ ಗಂಜಿ ಕುಡಿಸುತ್ತಿದ್ದರು. 12 ಗಂಟೆ ದುಡಿಮೆ, ವಾರದ ರಜೆಯಿಲ್ಲ, ಪಿಎಫ್, ಇಎಸ್‌ಐ ಮಾತೇ ಇಲ್ಲ.

2007ರ ಹಿರಿಯ ನಾಗರಿಕರ ಕಾಯ್ದೆ ಜಿಲ್ಲೆಗೊಂದು ವೃದ್ಧಾಶ್ರಮ ಎನ್ನುತ್ತದೆ. ಆದರೆ ಇಷ್ಟು ಜನರಿಗೆ ಇಷ್ಟು ಆಯಾ ಇರಲೇಬೇಕು ಎಂದು ಅದರಲ್ಲಿಲ್ಲ. ಮೊದಲು ಅದಾಗಲಿ. ಅಜ್ಜಿಯನ್ನು ಸೇರಿಸುವಾಗ ರೂಮು, ಊಟ, ಬಿಸಿನೀರು ಎಲ್ಲ ವಿಚಾರಿಸಿದೆವು. ರಾತ್ರಿ ಎಷ್ಟು ಜನ ಇರುತ್ತಾರೆ ಎಂದು ನಾವೂ ಕೇಳಲಿಲ್ಲ.