ಹಲ್ಕ್ ಇದ್ದಾನೆ, ಕೈಯಲ್ಲಿಲ್ಲ

ಹೀರೋ ಸರಿಯಾದ ಹೊತ್ತಿಗೆ ಬಂದೇ ಬರುತ್ತಾನೆ ಅನ್ನುವುದು ಸಿನಿಮಾದವರು ನಮ್ಮ ತಲೆಗೆ ತುಂಬಿದ ನಂಬಿಕೆ. ನಾಯಕಿ ಕಿರುಚಬೇಕು, ಖಳ ಗಹಗಹಿಸಬೇಕು, ಅಷ್ಟರಲ್ಲಿ ಗಾಜು ಪುಡಿಯಾಗಿ ಮೋಟಾರು ಬೈಕು ಒಳಗೆ ನುಗ್ಗಬೇಕು. ಪೊಲೀಸರು ತಡವಾಗಿ ಬರಬಹುದು, ಬರುವುದೇ ಹಾಗೆ. ಹೀರೋ ತಡ ಮಾಡಿದ್ದು ಎಲ್ಲಾದರೂ ಉಂಟೇ? ಉಂಟು, ನಮ್ಮ ಮನೆಯ ಊಟದ ಮೇಜಿನ ಮೇಲೆ. ಅಲ್ಲಿ ಬ್ಯಾಂಕು ದರೋಡೆಯಾಗುತ್ತಿರುವಾಗ ಹಲ್ಕ್ ಎಂಬ ಸೂಪರ್‌ಹೀರೋ ಮಹಾಶಯ ಇಸ್ಪೀಟಿನಂಥ ಎಲೆಗಳ ಕಟ್ಟಿನ ತಳದಲ್ಲಿ ತಣ್ಣಗೆ ಬಿದ್ದಿರುತ್ತಾನೆ. ಅವನಿಗೆ ಬೆಲೆ ಕೊಟ್ಟಾಗಿದೆ, ಅವನು ನಮ್ಮವನೇ. ಆದರೆ ಕರೆದರೆ ಬರುವಂತಿಲ್ಲ. ಅವನ ಸರದಿ ಬರಬೇಕು.

ಆಟದ ಹೆಸರು 'ಲೆಜೆಂಡರಿ'. ಮಾರ್ವೆಲ್ ಕಾಮಿಕ್ಸಿನ ಪಾತ್ರಗಳನ್ನು ಇಟ್ಟುಕೊಂಡು ಡೆವಿನ್ ಲೋ ಎಂಬಾತ ರೂಪಿಸಿದ್ದು, ಅಪ್ಪರ್ ಡೆಕ್ ಕಂಪನಿ 2012ರಲ್ಲಿ ಹೊರತಂದದ್ದು. ಅಮೆರಿಕದಲ್ಲಿರುವ ಅಣ್ಣ ರಜೆಗೆ ಬಂದಾಗ ಇದನ್ನು ಹೊತ್ತು ತಂದಿದ್ದ. ವಾಪಸು ಹೊರಟಾಗ ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಮತ್ತು ಮಿಡಿ ಉಪ್ಪಿನಕಾಯಿಗೆ ಜಾಗ ಬೇಕಾಯಿತು. ಸುಮಾರು ಐನೂರು ಎಲೆಗಳ ಆ ಇಟ್ಟಿಗೆಯಂಥ ಪೆಟ್ಟಿಗೆ ಮೈಸೂರಿನಲ್ಲೇ ಉಳಿಯಿತು. ನನ್ನ ಪ್ರಕಾರ ಆ ವಿನಿಮಯದಲ್ಲಿ ಗೆದ್ದವರು ನಾವು.

ನಮ್ಮ ಚಿಕ್ಕಪ್ಪ ಖಜಾನೆ ಇಲಾಖೆಯಲ್ಲಿದ್ದು ನಿವೃತ್ತರಾದವರು, ರಮ್ಮಿಯಲ್ಲಿ ಪಳಗಿದ ಕೈ. ಪೆಟ್ಟಿಗೆ ತೆರೆದ ದಿನ ಎಲೆಗಳನ್ನು ಅತ್ತಿತ್ತ ತಿರುಗಿಸಿ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, "ಇದರಲ್ಲಿ ಜೋಕರ್ ಯಾವುದು?" ಜೋಕರ್ ಬ್ಯಾಟ್‌ಮ್ಯಾನ್‌ನ ಖಳ, ಬೇರೆ ಕಂಪನಿಯವನು, ಇಲ್ಲಿ ಸಿಗುವುದಿಲ್ಲ ಎಂದು ನನ್ನ ಮಗಳು ಗಂಭೀರವಾಗಿ ವಿವರಿಸಿದಳು. ಚಿಕ್ಕಪ್ಪನಿಗೆ ಅದು ಅರ್ಥವಾಗಲಿಲ್ಲ, ಅವಳಿಗೆ ಅವರ ಪ್ರಶ್ನೆ ಅರ್ಥವಾಗಲಿಲ್ಲ. ಆಟ ಮಾತ್ರ ಶುರುವಾಯಿತು.

ರಮ್ಮಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟು. ರಮ್ಮಿಯಲ್ಲಿ ಎಲ್ಲರಿಗೂ ಸೇರಿದ ಒಂದು ಕಟ್ಟು, ಅದರಿಂದ ಹಂಚಿಕೆ. ಇಲ್ಲಿ ಒಬ್ಬೊಬ್ಬರಿಗೂ ಅವರವರದೇ ಕಟ್ಟು, ಅದನ್ನು ಆಡುತ್ತಾಡುತ್ತಲೇ ಕಟ್ಟಿಕೊಳ್ಳಬೇಕು. ಈ ಜಾತಿಯ ಆಟಗಳಿಗೆ ದಾರಿ ಹಾಕಿದ್ದು ಡೊನಾಲ್ಡ್ ವ್ಯಾಕರಿನೊ ಅವರ 'ಡೊಮಿನಿಯನ್', 2008ರಲ್ಲಿ ಬಂದದ್ದು. ಮರುವರ್ಷ ಜರ್ಮನಿಯಲ್ಲಿ ವರ್ಷದ ಆಟ ಎಂಬ ಪ್ರಶಸ್ತಿ ಅದಕ್ಕೆ ಸಿಕ್ಕಿತು. ಅದರಲ್ಲಿ ತಾಮ್ರ, ಬೆಳ್ಳಿ, ಚಿನ್ನದ ನಾಣ್ಯ ಕೊಟ್ಟು ಮಾರುಕಟ್ಟೆ, ಕಮ್ಮಾರನನ್ನೆಲ್ಲ ಕೊಳ್ಳುತ್ತೀರಿ. ನಾಲ್ಕು ವರ್ಷದ ನಂತರ ಅದೇ ಲೆಕ್ಕಾಚಾರಕ್ಕೆ ಕೇಪು, ಮುಖವಾಡ ತೊಡಿಸಿದರು.

ಶುರುವಿನಲ್ಲಿ ನಿಮಗೆ ಸಿಗುವುದು ಹನ್ನೆರಡು ಎಲೆ. ಒಬ್ಬನೂ ಸೂಪರ್ ಅಲ್ಲ, ಹೀರೋ ಅನ್ನಿಸಿಕೊಂಡದ್ದು ಕಾಗದದ ಮೇಲೆ ಮಾತ್ರ. ಶೀಲ್ಡ್ ಎಂಬ ಸರ್ಕಾರಿ ಸಂಸ್ಥೆಯ ಎಂಟು ಜನ ಏಜೆಂಟರು, ನಾಲ್ಕು ಜನ ಟ್ರೂಪರುಗಳು. ಬೂದು ಬಣ್ಣದ ಎಲೆ, ಹೆಸರಿಲ್ಲ, ಶಕ್ತಿಯಿಲ್ಲ. ಏಜೆಂಟ್ ಒಂದು ರೂಪಾಯಿಯ ಕೆಲಸ ಮಾಡುತ್ತಾನೆ, ಟ್ರೂಪರ್ ಒಂದು ಗುದ್ದಿನ ಕೆಲಸ. (ಆಟದಲ್ಲಿ ಅದು ರೂಪಾಯಿಯಲ್ಲ, ನೇಮಕದ ಅಂಕ. ನಮ್ಮ ಮನೆಯಲ್ಲಿ ರೂಪಾಯಿ.) ಸರದಿಗೆ ಆರು ಎಲೆ ಕೈಗೆ ಬರುತ್ತವೆ. ಇದ್ದ ರೂಪಾಯಿಗೆ ಮೇಜಿನ ಮೇಲೆ ಸಾಲಾಗಿ ನಿಂತ ಐದು ಹೀರೋಗಳಲ್ಲಿ ಕೈಗೆಟುಕಿದವರನ್ನು ಕೊಳ್ಳಬಹುದು, ಇದ್ದ ಗುದ್ದಿಗೆ ಊರಿಗೆ ನುಗ್ಗಿದ ದುಷ್ಟರಲ್ಲಿ ಮೆತ್ತಗಿನವರನ್ನು ಬಡಿಯಬಹುದು. ಸರದಿ ಮುಗಿದಾಗ ಕೈಯಲ್ಲಿರುವುದೆಲ್ಲ ಬಿಸಾಡುವ ರಾಶಿಗೆ ಹೋಗುತ್ತದೆ, ಖರ್ಚಾಗದ ರೂಪಾಯಿಯೂ ಸೇರಿ. ಉಳಿಸಿಟ್ಟುಕೊಳ್ಳಲು ಆಗುವುದಿಲ್ಲ. ಈ ನಿಯಮ ಕೇಳಿ ಚಿಕ್ಕಪ್ಪನ ಮುಖ ಅರಳಿತು. "ಮಾರ್ಚ್ 31ರ ಗ್ರ್ಯಾಂಟ್ ಇದ್ದ ಹಾಗೆ. ಖರ್ಚು ಮಾಡದಿದ್ದರೆ ಲ್ಯಾಪ್ಸು," ಎಂದರು. ಆಮೇಲೆ ಅವರಿಗೆ ಯಾರೂ ಏನನ್ನೂ ಹೇಳಿಕೊಡಬೇಕಾಗಲಿಲ್ಲ.

ಇನ್ನು ಮುಖ್ಯ ಸಂಗತಿ. ಕೊಂಡ ಹೀರೋ ನಿಮ್ಮ ಕೈಗೆ ಬರುವುದಿಲ್ಲ, ನಿಮ್ಮ ಬಿಸಾಡಿದ ರಾಶಿಗೆ ಹೋಗಿ ಬೀಳುತ್ತಾನೆ. ಕಟ್ಟಿನ ಎಲೆಯೆಲ್ಲ ಖಾಲಿಯಾದ ಮೇಲೆ ಆ ರಾಶಿಯನ್ನು ಎತ್ತಿ, ಕಲಸಿ, ಮತ್ತೆ ಕಟ್ಟು ಮಾಡಬೇಕು. ಆಗ ಏಜೆಂಟ್, ಟ್ರೂಪರ್, ಏಜೆಂಟ್, ಏಜೆಂಟ್ ಎಂದು ಹೊರಬರುವ ಮೆರವಣಿಗೆಯಲ್ಲಿ ಎಲ್ಲೋ ಒಂದು ಕಡೆ ಥಾರ್. ಇವತ್ತಿನ ಅಪಾಯಕ್ಕೆಂದು ಯಾರನ್ನೂ ಕೊಳ್ಳಲಾಗದು. ಕೊಳ್ಳುವುದೆಲ್ಲ ಇನ್ನೂ ಗೊತ್ತಿಲ್ಲದ ಯಾವುದೋ ಅಪಾಯಕ್ಕೆ.

ಅತ್ತ ದುಷ್ಟರಿಗೆ ಇಂಥ ಯಾವ ತೊಂದರೆಯೂ ಇಲ್ಲ. ಪ್ರತಿ ಸರದಿಯ ಆರಂಭದಲ್ಲಿ ಅವರ ಕಟ್ಟಿನಿಂದ ಒಂದು ಎಲೆ ತಪ್ಪದೆ ಬರುತ್ತದೆ. ಊರಿಗೆ ಐದು ಮನೆ: ಚರಂಡಿ, ಬ್ಯಾಂಕು, ಮಾಳಿಗೆ, ಬೀದಿ, ಸೇತುವೆ. ದುಷ್ಟ ಚರಂಡಿಯಿಂದ ಒಳಬರುತ್ತಾನೆ. ಹಿಂದೆ ಇನ್ನೊಬ್ಬ ಬಂದರೆ ಮುಂದಿನ ಮನೆಗೆ ಸರಿಯುತ್ತಾನೆ. ಸೇತುವೆ ದಾಟಿದನೋ, ಪರಾರಿ. ಹೋಗುವಾಗ ಸುಮ್ಮನೆ ಹೋಗುವುದಿಲ್ಲ. ಮೇಜಿನ ಮೇಲೆ ಕೊಳ್ಳಲು ನಿಂತಿದ್ದ ಹೀರೋಗಳಲ್ಲಿ ಆರು ರೂಪಾಯಿಯೊಳಗಿನ ಒಬ್ಬನ ಕಥೆ ಮುಗಿಯುತ್ತದೆ. ಜೊತೆಗೆ ಹಿಡಿದುಕೊಂಡ ಅಮಾಯಕ ನಾಗರಿಕರಿದ್ದರೆ ಅವರನ್ನೂ ಎಳೆದುಕೊಂಡು ಹೋಗುತ್ತಾನೆ, ಆಗ ಆಡುವವರೆಲ್ಲ ಕೈಯಿಂದ ಒಂದೊಂದು ಎಲೆ ಬಿಸಾಡಬೇಕು.

ಬ್ಯಾಂಕ್ ದರೋಡೆಯ ಸಂಚು ನನಗೆ ಇಷ್ಟ. ಆಟಕ್ಕೊಂದು ಸಂಚಿನ ಎಲೆ ಇರುತ್ತದೆ, ಈ ಸಂಚಿನಲ್ಲಿ ಎಂಟು ಜನ ನಾಗರಿಕರನ್ನು ಹೊತ್ತೊಯ್ದರೆ ದುಷ್ಟರು ಗೆದ್ದಂತೆ. ಒಬ್ಬೊಬ್ಬ ನಾಗರಿಕನನ್ನು ಹಿಡಿದುಕೊಂಡಷ್ಟೂ ದುಷ್ಟನ ಬಲ ಒಂದೊಂದು ಏರುತ್ತದೆ. ಒಮ್ಮೆ ಏಳು ಜನ ಹೋಗಿಯಾಗಿತ್ತು. ಸೇತುವೆಯ ಮೇಲೆ ನಿಂತಿದ್ದವನ ಹತ್ತಿರ ಮೂವರಿದ್ದರು. ಮಗಳ ಕಟ್ಟಿನಲ್ಲಿ ಎಂಟು ರೂಪಾಯಿ ಕೊಟ್ಟು ತಂದ ಹಲ್ಕ್ ಇದ್ದ, ಐದು ಗುದ್ದು ಕೊಡುವ ಎಲೆ; ಜೊತೆಗೆ 'ಬಲಶಾಲಿ' ಗುರುತಿನ ಇನ್ನೊಬ್ಬ ಹೀರೋನನ್ನು ಆಡಿದ್ದರೆ ಹತ್ತು. ಇದ್ದದ್ದು ನಿಜ, ಅವಳು ಕಟ್ಟಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿ ಎಳೆದದ್ದೂ ನಿಜ. ಬಂದವರು ಐವರು ಏಜೆಂಟರು, ಒಬ್ಬ ಟ್ರೂಪರ್. ಐದು ರೂಪಾಯಿ, ಒಂದು ಗುದ್ದು. ಐದು ರೂಪಾಯಿ ಹಿಡಿದುಕೊಂಡು ಸೇತುವೆ ಮೇಲಿನ ರಾಕ್ಷಸನ ಹತ್ತಿರ ಏನು ಮಾತಾಡುವುದು? ಮುಂದಿನವರ ಸರದಿಗೆ ಚರಂಡಿಯಲ್ಲಿ ಹೊಸಬ ಕಾಣಿಸಿಕೊಂಡ, ಎಲ್ಲರೂ ಒಂದೊಂದು ಮನೆ ಸರಿದರು, ನಾವು ಸೋತೆವು. ಮಗಳು ಸುಮ್ಮನಿರಲಾರದೆ ಕಟ್ಟಿನ ಮುಂದಿನ ಎಲೆ ತಿರುಗಿಸಿದಳು. ಹಸಿರು ಮೈ, ಬಿಗಿದ ಮುಷ್ಟಿ.

ಅವಳ ಸಿಟ್ಟು ನ್ಯಾಯವೇ. ಆದರೆ ಸೂಪರ್‌ಹೀರೋಗಳ ಬಗ್ಗೆ ಈ ಆಟಕ್ಕೆ ಗೊತ್ತಿರುವುದು ಮುನ್ನೂರು ಕೋಟಿ ಸುರಿದು ತೆಗೆದ ಸಿನಿಮಾಗಳಿಗೆ ಗೊತ್ತಿಲ್ಲ ಅಂತ ನನಗೆ ಅನ್ನಿಸುವುದು ಇಂಥ ಹೊತ್ತಿನಲ್ಲೇ. ಹೀರೋ ಇರುವುದು ಒಂದು, ಅವನು ಒದಗುವುದು ಇನ್ನೊಂದು. ಒದಗಿಸಿಕೊಳ್ಳುವ ಕೆಲಸ ಬೇರೆಯೇ, ಅದು ಶುದ್ಧ ಗುಮಾಸ್ತಿಕೆ. ಚಿಕ್ಕಪ್ಪ ಇದನ್ನು ಬೇಗ ಹಿಡಿದರು. ಮರಿಯಾ ಹಿಲ್ ಎಂಬ ಅಧಿಕಾರಿಣಿಯ ಎಲೆ ಪಕ್ಕದಲ್ಲಿ ಯಾವಾಗಲೂ ಸಿಗುತ್ತದೆ, ಮೂವತ್ತು ಪ್ರತಿ ಇದೆ. ಮೂರು ರೂಪಾಯಿ ಬೆಲೆ, ಕೆಲಸ ಎರಡು ರೂಪಾಯಿಯದು. ಹಾರುವುದಿಲ್ಲ, ಗುದ್ದುವುದಿಲ್ಲ. ಮಗಳಿಗೆ ಆ ಎಲೆ ಕಂಡರೇ ಆಗದು. ಚಿಕ್ಕಪ್ಪ ಮೊದಲ ಕೆಲವು ಸುತ್ತು ಮರಿಯಾ ಹಿಲ್‌ಳನ್ನು ಬಿಟ್ಟು ಬೇರೆ ಯಾರನ್ನೂ ಕಣ್ಣೆತ್ತಿ ನೋಡುವುದಿಲ್ಲ. "ಮೊದಲು ಆಫೀಸಿಗೆ ಒಳ್ಳೆ ಹೆಡ್‌ಕ್ಲರ್ಕ್ ಬೇಕು, ಸಾಹೇಬರು ಆಮೇಲೆ ಬರಲಿ." ಸಾಹೇಬರು ಬರುವ ಹೊತ್ತಿಗೆ ಅವರ ಕೈಯಲ್ಲಿ ಎಂಟೆಂಟು ರೂಪಾಯಿ ಓಡಾಡುತ್ತಿರುತ್ತದೆ.

ನನ್ನ ಹೆಂಡತಿಯದು ಸ್ಪೈಡರ್‌ಮ್ಯಾನ್ ಪಕ್ಷ. ಅದೊಂದು ಸೊಗಸಾದ ಲೆಕ್ಕ. ಬೇರೆ ಹೀರೋಗಳ ದೊಡ್ಡ ಎಲೆಗೆ ಏಳು, ಎಂಟು ರೂಪಾಯಿ ಬೀಳುತ್ತದೆ. ಸ್ಪೈಡರ್‌ಮ್ಯಾನ್‌ನ ಪ್ರತಿ ಎಲೆಗೂ ಎರಡೇ ರೂಪಾಯಿ, ಅಪರೂಪದ ಎಲೆಗೂ ಅಷ್ಟೇ. ಅವನನ್ನು ಆಡಿದಾಗ ಕಟ್ಟಿನ ಮೇಲಿನ ಎಲೆ ತೆರೆದು ನೋಡಬೇಕು, ಅದರ ಬೆಲೆ ಎರಡೋ ಅದಕ್ಕಿಂತ ಕಡಿಮೆಯೋ ಆಗಿದ್ದರೆ ಕೈಗೆ ಬರುತ್ತದೆ. ಅಂದರೆ ಬಡವರ ಜೊತೆ ಇದ್ದಾಗಲೇ ಅವನ ಬಲ. ದುಬಾರಿ ಹೀರೋಗಳ ನಡುವೆ ಸಿಕ್ಕರೆ ಅವನಿಂದ ಏನೂ ಆಗದು. ನ್ಯೂಯಾರ್ಕಿನ ಕ್ವೀನ್ಸ್‌ನ ಬಾಡಿಗೆ ಮನೆಯ ಹುಡುಗನ ಸ್ವಭಾವವನ್ನು ಒಂದು ಬೆಲೆಯ ಅಂಕಿಯಲ್ಲಿ ಹೇಳಿದ ಆ ವಿನ್ಯಾಸಕನಿಗೆ ನನ್ನ ನಮಸ್ಕಾರ. ಹಲ್ಕ್‌ನ ಒಂದು ಎಲೆ ಆಡಿದರೆ ಎಲ್ಲರಿಗೂ ಒಂದೊಂದು ಗಾಯದ ಎಲೆ, ಆಡಿದವನಿಗೂ ಸೇರಿ. ಡೆಡ್‌ಪೂಲ್‌ನ ಒಂದು ಎಲೆಯಂತೂ ಎರಡು ರೂಪಾಯಿ ಕೊಟ್ಟು, ಬದಲಿಗೆ ಒಬ್ಬ ನಾಗರಿಕನನ್ನು ತಾನೇ ಒಯ್ದು ದುಷ್ಟನ ಕೈಗೆ ಒಪ್ಪಿಸುತ್ತದೆ. ಸ್ವಲ್ಪ ಹಿಡ್ಕೊಂಡಿರಿ, ಬಂದೆ ಅನ್ನುವ ಧಾಟಿಯಲ್ಲಿ.

ಮಾರ್ವೆಲ್‌ನ ಪ್ರತಿಸ್ಪರ್ಧಿ ಡಿಸಿ ಕಾಮಿಕ್ಸಿನವರದೂ ಇಂಥದೇ ಆಟವಿದೆ, ಕ್ರಿಪ್ಟೊಜೋಯಿಕ್‌ನವರು 2012ರಲ್ಲೇ ತಂದದ್ದು. ಗೆಳೆಯನೊಬ್ಬನ ಮನೆಯಲ್ಲಿ ಆಡಿದ್ದೇನೆ. ಅದರಲ್ಲಿ ಸೂಪರ್‌ಮ್ಯಾನ್ ಆಗಲಿ ಬ್ಯಾಟ್‌ಮ್ಯಾನ್ ಆಗಲಿ, ಶುರುವಿಗೆ ಏಳು ಗುದ್ದು, ಮೂರು ದೌರ್ಬಲ್ಯದ ಎಲೆ. ದೌರ್ಬಲ್ಯದ ಎಲೆಗೆ ಏನೂ ಕೆಲಸವಿಲ್ಲ, ಕೈಯಲ್ಲಿ ಜಾಗ ಹಿಡಿಯುತ್ತದೆ ಅಷ್ಟೆ. ಅಲ್ಲಿ ಸೋತ ಖಳ ಗೆದ್ದವನ ಕಟ್ಟಿಗೇ ಸೇರಿ, ಮುಂದೆ ಅವನ ಪರವಾಗಿ ದುಡಿಯುತ್ತಾನೆ. ಜೋಕರ್‌ನನ್ನು ಬಡಿದ ಬ್ಯಾಟ್‌ಮ್ಯಾನ್ ಮರುಸುತ್ತಿನಲ್ಲಿ ಅದೇ ಜೋಕರ್‌ನನ್ನು ಇಳಿಸಿ ಆಡುತ್ತಾನೆ. ವಿಧಾನಸೌಧದ ಸುದ್ದಿ ಓದುವ ನಮಗೆ ಇದರಲ್ಲಿ ಬೆರಗಿಲ್ಲ, ಆದರೆ ಆಟದಲ್ಲೂ ಅದನ್ನೇ ನೋಡಬೇಕೇ ಅನ್ನಿಸಿ ನಾನು 'ಲೆಜೆಂಡರಿ'ಗೇ ನಿಷ್ಠನಾಗಿದ್ದೇನೆ.

ಎಲೆಗಳ ಮೇಲೆ ಮಹಾಪುರುಷರನ್ನು ಬರೆದು ಆಡುವುದು ಮೈಸೂರಿಗೆ ಹೊಸದೇನಲ್ಲ. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ ಹನ್ನೆರಡರಂತೆ 120 ದುಂಡನೆಯ ಎಲೆ, ಪ್ರತಿ ಅವತಾರಕ್ಕೂ ರಾಜ, ಮಂತ್ರಿ, ಒಂದರಿಂದ ಹತ್ತು. ಹಗಲು ಆಡಿದರೆ ರಾಮನಿದ್ದವನು ಆಟ ಶುರು ಮಾಡಬೇಕು, ರಾತ್ರಿಯಾದರೆ ಕೃಷ್ಣನಿದ್ದವನು ಎಂಬ ಪದ್ಧತಿಯೂ ಇತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಆಟಗಳ ಹುಚ್ಚಿನವರು, ಅವರ 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಭಾಗದಲ್ಲಿ ಎಲೆಯಾಟಗಳ ವಿವರವೇ ಇದೆ. ಅವರ ಮುಂದೆ ಈ ಪೆಟ್ಟಿಗೆ ಇಟ್ಟಿದ್ದರೆ ನಿಯಮ ಪುಸ್ತಕ ಓದುವ ಗೋಜಿಗೆ ಹೋಗದೆ ಇನ್ನೂ ನಾಲ್ಕು ಬಗೆಯ ಹೀರೋ ಸೇರಿಸಿರುತ್ತಿದ್ದರು ಎಂದು ನನ್ನ ಊಹೆ. ಅಮೆರಿಕದವರೂ ಹೊಸ ಹೀರೋಗಳ ಪೆಟ್ಟಿಗೆಯನ್ನು ಒಂದರ ಹಿಂದೊಂದು ಮಾರುತ್ತಲೇ ಇದ್ದಾರೆ.

ಆಟ ಮುಗಿದ ಮೇಲಿನ ಕೆಲಸದ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಒಬ್ಬ ಹೀರೋಗೆ ಹದಿನಾಲ್ಕು ಎಲೆ: ಸಾಮಾನ್ಯ ಐದು, ಇನ್ನೊಂದು ಸಾಮಾನ್ಯ ಐದು, ಕೊಂಚ ಅಪರೂಪದ್ದು ಮೂರು, ತೀರಾ ಅಪರೂಪದ್ದು ಒಂದು. ಐದಾರು ಹೀರೋಗಳು ನಾಲ್ವರ ಕಟ್ಟುಗಳಲ್ಲಿ ಚದುರಿ ಹೋಗಿರುತ್ತಾರೆ. ಅವರನ್ನೆಲ್ಲ ಬೇರ್ಪಡಿಸಿ, ಏಜೆಂಟರನ್ನು ಒಂದು ಕಡೆ, ಗಾಯಗಳನ್ನು ಒಂದು ಕಡೆ, ನಾಗರಿಕರನ್ನು ಒಂದು ಕಡೆ ಮಾಡಿ ಪೆಟ್ಟಿಗೆಗೆ ತುಂಬಬೇಕು. ಆಡಿದಷ್ಟೇ ಹೊತ್ತು ಇದಕ್ಕೂ ಬೇಕೇನೋ ಅನ್ನಿಸುತ್ತದೆ. ಊಟದ ಮೇಜು ಖಾಲಿಯಾಗುವವರೆಗೆ ಅಡುಗೆಮನೆಯಿಂದ ಸಾರು ಹೊರಗೆ ಬರುವುದಿಲ್ಲ, ಆದ್ದರಿಂದ ಎಲ್ಲರ ಕೈಯೂ ಓಡುತ್ತದೆ. ಮನೆಯ ನಿಜವಾದ ಸುದ್ದಿಗಳು ನನಗೆ ತಿಳಿಯುವುದು ಆಗಲೇ. ಯಾರ ಮಗಳ ನಿಶ್ಚಿತಾರ್ಥ ಮುರಿಯಿತು, ಯಾರು ಸೈಟು ಮಾರಿದರು, ಮಗಳಿಗೆ ಗಣಿತದಲ್ಲಿ ಎಷ್ಟು ಬಂತು. ಕಣ್ಣು ಎಲೆಯ ಮೇಲಿದ್ದಾಗ ಬಾಯಿ ಸಲೀಸಾಗಿ ಬಿಡುತ್ತದೆ.

ಅದಕ್ಕೂ ಮೊದಲು ಜಗಳ ಒಂದಿದೆ. ಊರನ್ನು ಉಳಿಸುವುದು ಎಲ್ಲರೂ ಸೇರಿ. ಮುಖ್ಯ ಖಳನನ್ನು ನಾಲ್ಕು ಸಲ ಸೋಲಿಸಿದರೆ ಎಲ್ಲರೂ ಗೆದ್ದಂತೆ, ಅಷ್ಟರಲ್ಲಿ ಅವನ ಸಂಚು ಫಲಿಸಿದರೆ ಎಲ್ಲರೂ ಸೋತಂತೆ. ಗೆದ್ದ ಮೇಲೆ ಮಾತ್ರ ಯಾರು ಎಷ್ಟು ದುಷ್ಟರನ್ನು ಹೊಡೆದರು, ಎಷ್ಟು ನಾಗರಿಕರನ್ನು ಬಿಡಿಸಿದರು ಎಂದು ಅಂಕ ಎಣಿಸಿ ಒಬ್ಬರಿಗೆ ಪಟ್ಟ ಕಟ್ಟುತ್ತಾರೆ. ಜೀವ ಉಳಿಸಿಕೊಂಡ ಒಬ್ಬ ನಾಗರಿಕನಿಗೆ ಒಂದು ಅಂಕ. ಹೀಗಾಗಿ ಊರು ಉಳಿಯುವ ಲಕ್ಷಣ ಕಂಡ ಕ್ಷಣದಿಂದ ಮೇಜಿನ ಸುತ್ತಲಿನ ಸಹಕಾರ ಹಿಂಗತೊಡಗುತ್ತದೆ. "ಆ ನಿಂಜಾನನ್ನು ನನಗೆ ಬಿಡು" ಎಂದು ಹೆಂಡತಿ ಕೇಳುತ್ತಾಳೆ, ನಾನು ಬಿಡುವುದಿಲ್ಲ. ಒಂದು ಅಂಕದ ನಿಂಜಾ.

ಮುಂದಿನ ಆಟಕ್ಕೆ ಯಾವ ಖಳ ಅನ್ನುವ ಚರ್ಚೆಯಲ್ಲಿ ಮಾತ್ರ ಚಿಕ್ಕಪ್ಪನ ಮಾತು ಬದಲಾಗುವುದಿಲ್ಲ. ಮೂಲ ಪೆಟ್ಟಿಗೆಯಲ್ಲಿ ನಾಲ್ವರಿದ್ದಾರೆ: ಲೋಕಿ, ಮ್ಯಾಗ್ನೆಟೊ, ಡಾಕ್ಟರ್ ಡೂಮ್, ರೆಡ್ ಸ್ಕಲ್. ಲೋಕಿ ಎರಗಿದರೆ ಬಲಶಾಲಿ ಹೀರೋನನ್ನು ತೋರಿಸಬೇಕು, ಇಲ್ಲವಾದರೆ ಗಾಯ. ಮ್ಯಾಗ್ನೆಟೊ ಎರಗಿದರೆ ಎಕ್ಸ್-ಮೆನ್ ಎಂಬ ಹೀರೋ ತಂಡದ ಒಬ್ಬರನ್ನು ತೋರಿಸಬೇಕು, ಇಲ್ಲವಾದರೆ ಕೈಯಲ್ಲಿ ನಾಲ್ಕೇ ಎಲೆ ಉಳಿಸಿಕೊಂಡು ಬಾಕಿಯದನ್ನು ಬಿಸಾಡಬೇಕು. ರೆಡ್ ಸ್ಕಲ್ ಎರಗಿದರೆ ಪ್ರತಿಯೊಬ್ಬರೂ ಕೈಯಿಂದ ಒಬ್ಬ ಹೀರೋನನ್ನು ಶಾಶ್ವತವಾಗಿ ಕಳೆದುಕೊಳ್ಳಬೇಕು. ಕೇಳಲು ಘೋರ. ಆದರೆ ಯಾರನ್ನು ಕಳೆಯಬೇಕೆಂದು ಆರಿಸುವವರು ನಾವೇ, ಮತ್ತು ಆ ಬೂದು ಏಜೆಂಟನೂ ಲೆಕ್ಕಕ್ಕೆ ಹೀರೋನೇ. ಒಬ್ಬ ಏಜೆಂಟ್ ಕಡಿಮೆಯಾದರೆ ಕಟ್ಟು ಅಷ್ಟು ತೆಳ್ಳಗಾಗಿ ಹಲ್ಕ್ ಅಷ್ಟು ಬೇಗ ಕೈಗೆ ಬರುತ್ತಾನೆ. ಹೊಡೆತ ಅಂದುಕೊಂಡು ಆತ ಮಾಡುವುದು ಉಪಕಾರ.

"ಲೋಕಿ," ಅನ್ನುತ್ತಾಳೆ ಮಗಳು.

"ಬೇಡಮ್ಮ, ರೆಡ್ ಸ್ಕಲ್ಲೇ ಇರಲಿ," ಅನ್ನುತ್ತಾರೆ ಚಿಕ್ಕಪ್ಪ, ಏಜೆಂಟರ ಎಂಟು ಎಲೆ ಎಣಿಸಿ ಎದುರಿಗೆ ಇಟ್ಟುಕೊಳ್ಳುತ್ತ. "ಅವನು ಬಂದರೆ ನಮ್ಮ ಆಫೀಸಿನ ದಂಡಪಿಂಡಗಳಿಗೆಲ್ಲ ವಿಆರ್‌ಎಸ್ ಕೊಟ್ಟು ಕಳಿಸ್ತಾನೆ."